ಅ ಅಂದರೆ ಇಣಚಿ

ನಮ್ಮೂರಿನ ಡಿಜಿಟಲ್ ಗ್ರಂಥಾಲಯದಲ್ಲಿ ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ಪುಸ್ತಕಗಳಿವೆ. ಅಷ್ಟನ್ನೂ ನಾನು ಓದಿ ಮುಗಿಸಿದ್ದೇನೆ. ಅದೂ ಒಂದೇ ಬೇಸಿಗೆಯಲ್ಲಿ, ಎಡಗಣ್ಣೊಂದರಲ್ಲೇ. ಬಲಗಣ್ಣು ಆಟೋ ಓಡಿಸುವುದಕ್ಕೆ ಬೇಕಿತ್ತು. ಎರಡೂ ಕಣ್ಣು ಬಿಡುವಾಗಿದ್ದಿದ್ದರೆ ಪಕ್ಕದೂರಿನ ಗ್ರಂಥಾಲಯವೂ ನನ್ನಿಂದ ಉಳಿಯುತ್ತಿರಲಿಲ್ಲ.

ನಂಬದವರು ಬಂದು ಪರೀಕ್ಷೆ ಮಾಡಿ ನೋಡಿ ಎಂದು ಮೂರು ವರ್ಷ ಬಸ್ ಸ್ಟ್ಯಾಂಡಿನ ನಡುವೆ ನಿಂತು ಸವಾಲು ಹಾಕಿದ್ದೇನೆ. ಒಬ್ಬನೂ ಮುಂದೆ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮೂರಿನಲ್ಲಿ ಗ್ರಂಥಾಲಯದ ಪುಸ್ತಕ ಫೋನಿಗೆ ಬಂದರೆ ಹದಿನಾಲ್ಕು ದಿನ ಮಾತ್ರ ನಮ್ಮದು. ಹದಿನಾಲ್ಕನೆಯ ದಿನ ಸಂಜೆ ಐದೂವರೆಗೆ ಅದು ಫೋನಿನಿಂದ ಹೋಗುತ್ತದೆ, ಹಾಗೆಯೇ ತಲೆಯಿಂದಲೂ ಹೋಗುತ್ತದೆ. ಹೋಗುವಾಗ ಸೀನಿನ ಜೊತೆ ಹೋಗುತ್ತದೆ. ತೆಳ್ಳನೆಯ ಕವನ ಸಂಕಲನಕ್ಕೆ ಒಂದು ಪುಟ್ಟ ಸೀನು. ದಪ್ಪ ಕಾದಂಬರಿಯಾದರೆ ಮೂರು, ಕಣ್ಣಲ್ಲಿ ನೀರು ಬರುವಂಥವು. ಬೇಗ ಓದಿ ಮುಗಿಸಿ ಮೊದಲೇ ವಾಪಸು ಕೊಟ್ಟರೂ ಸರಿಯೇ, ಸೀನು ಮಾತ್ರ ಆವತ್ತಿನ ಐದೂವರೆಗೇ. ಪುಸ್ತಕದ ಹೆಸರು ಫೋನಿನ ಪಟ್ಟಿಯಲ್ಲಿ ಉಳಿಯುತ್ತದೆ, ಒಳಗೆ ಏನಿತ್ತೆಂಬುದು ಯಾರಿಗೂ ಉಳಿಯುವುದಿಲ್ಲ. ಬೇರೆ ಊರುಗಳಲ್ಲಿ ಸೀನಿದವರಿಗೆ ಏನೇನೋ ಹಾರೈಸುತ್ತಾರಂತೆ. ನಮ್ಮಲ್ಲಿ ಯಾರಾದರೂ ಸೀನಿದರೆ “ಯಾವ್ದು?” ಎಂದು ಕೇಳುತ್ತೇವೆ. ಅವರು ಮೂಗು ಒರೆಸಿಕೊಂಡು “ಯಾವ್ದೋ, ಫೋನ್ ನೋಡಿ ಹೇಳ್ತೀನಿ” ಎನ್ನುತ್ತಾರೆ.

ಕಾಗದದ ಪುಸ್ತಕಗಳು ಶಾಲೆಯೊಳಗೆ ಮಾತ್ರ ಇವೆ. ಅವುಗಳಿಂದ ಕಲಿತದ್ದು ಸಾಯುವ ತನಕ ಅಲುಗಾಡುವುದಿಲ್ಲ. ಆದರೆ ಅವು ಗೇಟು ದಾಟಿ ಹೊರಗೆ ಬರುವುದಿಲ್ಲ, ಮೀಸೆ ಬಂದವರನ್ನು, ಸೀರೆ ಉಟ್ಟವರನ್ನು ಕಲಿಯಲೆಂದು ಆ ಗೇಟಿನೊಳಗೆ ಬಿಡುವುದೂ ಇಲ್ಲ.

ಇದಕ್ಕೆಲ್ಲ ಊರು ಹೊಂದಿಕೊಂಡುಬಿಟ್ಟಿದೆ. ನಿವೃತ್ತ ಪೋಸ್ಟ್ ಮಾಸ್ತರರು ಒಂದೇ ಪತ್ತೇದಾರಿ ಕಾದಂಬರಿಯನ್ನು ಇಪ್ಪತ್ತಾರು ಸಲ ಓದಿದ್ದಾರೆ. ಪ್ರತಿ ಸಲವೂ ಕೊಲೆಗಾರ ಯಾರೆಂದು ಗೊತ್ತಾದಾಗ ಬೆಚ್ಚಿಬಿದ್ದು ಒಂದು ಚೊಂಬು ನೀರು ಕುಡಿಯುತ್ತಾರೆ. ಮದುವೆ ಗೊತ್ತಾದರೆ ಹೆಣ್ಣಿನ ಕಡೆಯವರು ಛತ್ರಕ್ಕಿಂತ ಮೊದಲು ಅಡುಗೆಯವರ ಮನೆಗೆ ಹೋಗಿ, “ನಿಮ್ಮ ಅಡುಗೆ ಪುಸ್ತಕ ಯಾವತ್ತಿನವರೆಗೆ ಐತೆ?” ಎಂದು ಕೇಳಿ ಬರುತ್ತಾರೆ. ಒಮ್ಮೆ ಯಾರೋ ಕೇಳದೆ ಬಿಟ್ಟರು. ಆರತಕ್ಷತೆಯ ಸಂಜೆ ಐದೂವರೆಗೆ ಅಡುಗೆಯವರು ಬಾಣಲೆಯ ಮುಂದೆ ಎರಡು ಸಲ ಸೀನಿ, ಸೌಟು ಎತ್ತಿ ಹಿಡಿದು, “ಈ ಹಳದೀದು ಏನಪ್ಪಾ ಇದು? ಯಾರು ಕಲಸಿದ್ದು?” ಎಂದು ಕೇಳಿದರು. ಆವತ್ತು ಆರುನೂರು ಜನ ಅರ್ಧ ಬೆಂದ ಕೇಸರಿಬಾತು ತಿಂದು ಹೋದರು. ಸರಿ, ಅರವತ್ತು.

ಇಂಥ ಊರಿನಲ್ಲಿ ನನ್ನಂಥ ಮಹಾ ಓದುಗ ಹುಟ್ಟಿದ್ದು ಊರಿನ ಪುಣ್ಯ. ನನ್ನ ಹೆಸರು ತಿಪ್ಪೇರುದ್ರ. ಕೆಲಸ, ಆಟೋಗೆ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಾ ಪ್ರಚಾರ ಮಾಡುವುದು. ನೀರು ಬಿಡುವ ದಿನ, ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ ಶಿಬಿರ, ಯಾರದಾದರೂ ಸಾವು, ಎಲ್ಲವೂ ಈ ಗಂಟಲಿನಿಂದಲೇ ಊರಿಗೆ ಗೊತ್ತಾಗಬೇಕು. ನನ್ನ ದನಿಗೆ ಒಮ್ಮೆ ಮೂರು ಮೈಲಿ ದೂರದಲ್ಲಿ ತೂಕಡಿಸುತ್ತಿದ್ದ ಎಮ್ಮೆಯೊಂದು ಎದ್ದು ನಿಂತು ಕಣ್ಣಿನ ಶಿಬಿರದ ಕಡೆ ನಡೆದುಹೋಗಿತ್ತು.

ಪ್ರತಿದಿನ ಸಂಜೆ ಐದೂ ಇಪ್ಪತ್ತಕ್ಕೆ ನಾನು ಆಟೋವನ್ನು ಬಸ್ ಸ್ಟ್ಯಾಂಡಿನಲ್ಲಿ, ಓಬಕ್ಕನ ಎಲೆಅಡಿಕೆ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದೆ. ಐದೂವರೆಗೆ ಸರಿಯಾಗಿ, ಮೈಕ್ ಆನ್ ಇರುವಾಗಲೇ, ಸೀನುತ್ತಿದ್ದೆ. ಒಂದಲ್ಲ, ನಾಲ್ಕು, ಐದು. ಕೆಲವು ದಿನ ಏಳು. ಇಡೀ ಬಸ್ ಸ್ಟ್ಯಾಂಡು ಒಕ್ಕೊರಲಿನಿಂದ “ಯಾವ್ದು?” ಎಂದು ಕೂಗುತ್ತಿತ್ತು.

“ಯಾವ್ದೋ! ದಿನಕ್ಕೊಂದು ಓದೋನು ಯಾವ್ದು ಅಂತ ನೆನಪಿಟ್ಕಳ್ಳಲಿ!”

“ಅಬ್ಬಬ್ಬಾ, ಏಳು ಸೀನು! ವಿಶ್ವಕೋಶನೇ ಇರ್ಬೇಕು ಕಣ್ರೋ” ಎಂದು ಪೋಸ್ಟ್ ಮಾಸ್ತರರು ಕೈ ಮುಗಿಯುತ್ತಿದ್ದರು.

ಈಗ ಓಬಕ್ಕನ ಬಗ್ಗೆ ಎರಡು ಮಾತು. ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯಳು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ನಶ್ಯ ಮಾರುತ್ತಾಳೆ. ಹಳೆಯ ದಿನಪತ್ರಿಕೆಗಳನ್ನು ಅಂಗೈಯಗಲ ಹರಿದು ಅದರಲ್ಲಿ ಕಟ್ಟಿಕೊಡುತ್ತಾಳೆ. ಒಂದು ದಿನ ನನ್ನನ್ನು ಹತ್ತಿರ ಕರೆದಳು.

“ತಿಪ್ಪೇರುದ್ರಣ್ಣ, ನೀನು ಓದ್ದೋನು, ಹೇಳು. ನಾನು ಮೂವತ್ ವರ್ಷದಿಂದ ಪೇಪರ್ ಹರೀತಿದೀನಿ. ಏನ್ ಹರೀತಿದೀನಿ ಅಂತ ಒಂದಿನನಾದ್ರೂ ಗೊತ್ತಾಗ್ಬ್ಯಾಡ್ವಾ? ಯಾರದಾದ್ರೂ ಮದುವೆ ಸುದ್ದೀನ ನಶ್ಯಕ್ಕೆ ಸುತ್ತಿರ್ತೀನೋ, ಯಾರದಾದ್ರೂ ಫೋಟೋದ ಮೂಗಿನ ಮ್ಯಾಲೆ ಸುಣ್ಣ ಹಚ್ಚಿರ್ತೀನೋ.”

“ಅದೆಲ್ಲ ನಿಂಗ್ಯಾಕಕ್ಕ? ಹರೀತಾ ಇರು. ಓದೋದು ಅಂದ್ರೆ ಸಾಮಾನ್ಯ ಅಲ್ಲ, ತಲೆ ಕೂದ್ಲು ಉದ್ರುತ್ತೆ” ಎಂದು ಹೇಳಿ ನನ್ನ ಬೋಳು ತಲೆ ತೋರಿಸಿದೆ.

ಅವಳು ಸುಮ್ಮನಾದಳು ಅಂದುಕೊಂಡೆ. ಎಂದಾದರೂ ಸುಮ್ಮನಾದವಳೇ ಅವಳು?

ಆ ಕಾಲಕ್ಕೆ ನನ್ನ ಫೋನಿನಲ್ಲಿ ಒಂದು ಪುಸ್ತಕವಿತ್ತು. ಗ್ರಂಥಾಲಯದಲ್ಲೇ ಅತ್ಯಂತ ಗಹನವಾದ ಪುಸ್ತಕ. ಉಳಿದೆಲ್ಲ ಪುಸ್ತಕಗಳ ತಾಯಿಬೇರು ಎಂದೇ ಹೇಳಬಹುದು. ಐವತ್ತೆರಡೇ ಪುಟ. ಆದರೆ ಒಂದೊಂದು ಪುಟದಲ್ಲಿ ಒಂದೊಂದೇ ಅಕ್ಷರ, ಅಷ್ಟು ಸಾಂದ್ರವಾದ ಬರವಣಿಗೆ! ಪಕ್ಕದಲ್ಲಿ ಬಣ್ಣದ ಚಿತ್ರಗಳು. ಗಹನ ಗ್ರಂಥಗಳಲ್ಲಿ ಅವು ಇರುತ್ತವೆ. ಮೊದಲ ಪುಟದಲ್ಲಿ ಒಂದು ಪ್ರಾಣಿ ಬಾಲ ಎತ್ತಿಕೊಂಡು ಏನನ್ನೋ ಕಡಿಯುತ್ತಾ ಕೂತಿರುತ್ತದೆ. ಆ ಪುಸ್ತಕವನ್ನು ಮೊದಲ ದಿನ ಗ್ರಂಥಪಾಲಕಿ ಷಹತಾಜ್ ಮೇಡಂ ನನ್ನ ಫೋನಿಗೆ ಹಾಕಿಕೊಡುವಾಗ, “ತಂಗಿ ಮಗೂಗೆ” ಎಂದು ನಾನು ಹೇಳಿದ್ದು ನಿಜ. ನನಗೆ ತಂಗಿ ಇಲ್ಲದಿರುವುದೂ ನಿಜ. ನಮ್ಮಲ್ಲಿ ಒಂದು ಕಾರ್ಡಿಗೆ ಒಂದೇ ಪುಸ್ತಕ, ಒಂದು ಪುಸ್ತಕಕ್ಕೆ ಒಂದೇ ಪ್ರತಿ. ಬೇರೆ ಯಾರೂ ಕಾಯುತ್ತಿಲ್ಲವಾದರೆ ಹದಿನಾಲ್ಕನೆಯ ದಿನ ಹಸಿರು ಗುಂಡಿ ಒತ್ತಿ ಅದೇ ಪುಸ್ತಕವನ್ನು ಮುಂದುವರಿಸಬಹುದು. ಮೂರು ವರ್ಷದಲ್ಲಿ ನಾನು ಎಪ್ಪತ್ತೆಂಟು ಸಲ ಒತ್ತಿದೆ. ಆ ಪುಸ್ತಕ ಕೈಬಿಟ್ಟರೆ ಜಗತ್ತಿನ ಉಳಿದೆಲ್ಲ ಬರಹವೂ ನನ್ನ ಕೈಬಿಡುತ್ತಿತ್ತು, ಪ್ರಚಾರದ ಚೀಟಿಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ. ಏಕೆಂದು ಜಾಣರಿಗೆ ಈಗಾಗಲೇ ಹೊಳೆದಿರಬಹುದು. ಹೊಳೆದರೂ ಸ್ವಲ್ಪ ತಾಳಿ.

ಚೀಟಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಪುಸ್ತಕ ಸಿಗುವ ಮೊದಲು ಪ್ರಚಾರ ಕೊಡುವವರ ಬಾಯಿಂದಲೇ ಒಂದು ಸಲ ಓದಿಸಿ ಕೇಳಿ, ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಸೀರೆ ಅಂಗಡಿಯ ಚೀಟಿ ಎಡ ಜೇಬಿಗೆ, ಸಾವಿನ ಚೀಟಿ ಬಲ ಜೇಬಿಗೆ. ಒಂದು ದಿನ ಎರಡೂ ಒಂದೇ ಜೇಬಿಗೆ ಬಿದ್ದವು. ಆವತ್ತು ತೀರಿಕೊಂಡ ಊರಿನ ಹಿರಿಯರೊಬ್ಬರ ಬಗ್ಗೆ, “ಶ್ರೀಯುತರು ಇನ್ನು ಮೂರೇ ದಿನ ಲಭ್ಯವಿರುತ್ತಾರೆ, ತ್ವರೆ ಮಾಡಿ, ಒಬ್ಬರ ಜೊತೆ ಇನ್ನೊಬ್ಬರು ಉಚಿತ” ಎಂದು ಎಂಟು ಬೀದಿ ಸುತ್ತಿ ಸಾರಿದೆ. ಅವರ ಹೆಂಡತಿ ಬಾಗಿಲಿಗೆ ಬಂದು ನನ್ನ ಆಟೋವನ್ನೇ ನೋಡುತ್ತಾ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದರ ಮಾರನೆಯ ದಿನವೇ ನಾನು ಷಹತಾಜ್ ಮೇಡಂ ಹತ್ತಿರ ಹೋದದ್ದು.

ಹೀಗಿರುವಾಗ ಗ್ರಂಥಾಲಯಕ್ಕೆ ಹತ್ತು ವರ್ಷ ತುಂಬಿತು. ಊರಿನ ಅತಿ ದೊಡ್ಡ ಓದುಗನಿಗೆ ಸನ್ಮಾನ ಮಾಡಬೇಕೆಂದು ಪುರಸಭೆ ಅಧ್ಯಕ್ಷರು ತೀರ್ಮಾನಿಸಿದರು. ದೊಡ್ಡ ಓದುಗ ಯಾರೆಂದು ಅಳೆಯುವುದು ಹೇಗೆ? ಯಾರು ಏನು ಓದುತ್ತಾರೆಂದು ಷಹತಾಜ್ ಮೇಡಂ ಯಾರಿಗೂ ಬಾಯಿ ಬಿಡುವವರಲ್ಲ. ಹಾಗಾಗಿ ಸೀನು ಎಣಿಸಿದರು. ಎರಡನೆಯ ಸ್ಥಾನಕ್ಕೆ ಬಂದ ಪೋಸ್ಟ್ ಮಾಸ್ತರರಿಗೂ ನನಗೂ ನಡುವೆ ಸಾವಿರಾರು ಸೀನಿನ ಅಂತರವಿತ್ತು.

ಸನ್ಮಾನಕ್ಕೆ ಎರಡು ದಿನ ಮುಂಚೆ ಷಹತಾಜ್ ಮೇಡಂ ನನ್ನ ಆಟೋ ನಿಲ್ಲಿಸಿ, ಮೈಕ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

“ತಿಪ್ಪೇರುದ್ರಣ್ಣ, ನಿಮ್ಮ ಹತ್ರ ಇರೋ ಪುಸ್ತಕಕ್ಕೆ ಇನ್ನೊಬ್ಬರು ಸರದೀಲಿ ನಿಂತಿದಾರೆ. ಈ ಸಲ ಹಸಿರು ಗುಂಡಿ ಕೆಲಸ ಮಾಡಲ್ಲ.”

“ಯಾರವ್ರು?”

“ಅದು ಹೇಳೋ ಹಾಗಿಲ್ಲ, ನಿಮ್ದು ಅವ್ರಿಗೆ ಹೇಗೆ ಹೇಳಲ್ವೋ ಹಾಗೆ.”

“ಅವಧಿ ಯಾವತ್ತು ಮುಗಿಯುತ್ತೆ?”

“ಸನ್ಮಾನದ ದಿನವೇ. ಐದೂವರೆಗೆ.” ಮೈಕಿನ ಕಡೆ ಇನ್ನೊಂದು ಸಲ ನೋಡಿ, “ಮೈಯಲ್ಲಿ ಹುಷಾರಿಲ್ಲ ಅಂತ ಹೇಳ್ಬಿಡಿ ಅಣ್ಣ. ಶಾಲು ಮನೆಗೇ ತಂದುಕೊಡ್ತೀನಿ” ಎಂದರು.

ಹುಷಾರಿಲ್ಲ ಎನ್ನುವುದೇ? ನಾನೇ? ಸನ್ಮಾನದ ಪ್ರಚಾರಕ್ಕೆ ನಾನೇ ಊರೆಲ್ಲ ಸುತ್ತಿ, “ಜ್ಞಾನದ ಹೆಮ್ಮರ, ಓದುಗರ ಒಡೆಯ, ನಮ್ಮ ನಿಮ್ಮೆಲ್ಲರ ತಿಪ್ಪೇರುದ್ರಣ್ಣನವರು” ಎಂದು ಸಾರಿಯಾಗಿತ್ತು. ಚೀಟಿಯಲ್ಲಿ ಬರೀ “ತಿಪ್ಪೇರುದ್ರ” ಎಂದಿತ್ತು, ಉಳಿದದ್ದು ನಾನು ಕೈಯಿಂದ ಹಾಕಿದ್ದು.

ಉಪಾಯವೊಂದು ಮಾಡಿದೆ. ಸನ್ಮಾನಿತರು ಒಂದು ಪುಟ ಗಟ್ಟಿಯಾಗಿ ಓದಬೇಕೆಂಬುದು ಕಾರ್ಯಕ್ರಮದ ಪಟ್ಟಿಯಲ್ಲಿತ್ತು. ಆ ಪುಟ ಮೊದಲೇ ಕೈಗೆ ಬಂದಿತ್ತು. ಅದನ್ನು ಅಲ್ಪವಿರಾಮ ಬಿಡದೆ ಬಾಯಿಪಾಠ ಮಾಡಿದೆ. ಅಕ್ಷರ ಹೋದರೆ ಹೋಗಲಿ, ನಾಲಿಗೆ ಇದೆಯಲ್ಲ. ಅಲ್ಲದೆ ಕಾರ್ಯಕ್ರಮ ನಾಲ್ಕು ಗಂಟೆಗೆ. ಐದೂವರೆಯ ಹೊತ್ತಿಗೆ ನಾನು ಶಾಲು ಹೊದ್ದು ಮನೆಯಲ್ಲಿರುತ್ತೇನೆ.

ಮುಖ್ಯ ಅತಿಥಿಗಳು ಐದು ಗಂಟೆಗೆ ಬಂದರು.

ಅಧ್ಯಕ್ಷರು ಅವರನ್ನು ಸ್ವಾಗತಿಸಿದರು, ಅವರು ಅಧ್ಯಕ್ಷರನ್ನು ಹೊಗಳಿದರು, ದೀಪದ ಬತ್ತಿ ಹತ್ತಲೊಲ್ಲದೆ ಹತ್ತಿತು. ನನ್ನ ಹೆಗಲಿಗೆ ಶಾಲು, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ ಬಂದಾಗ ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತಾರು. ಎದುರಿಗೆ ಹತ್ತು ಸಾವಿರ ಜನ. ಸರಿ, ಕುರ್ಚಿ ಇದ್ದದ್ದು ಇನ್ನೂರು. ಕೊನೆಯ ಸಾಲಿನಲ್ಲಿ ಓಬಕ್ಕ ಅಂಗಡಿ ಮುಚ್ಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತಿದ್ದಳು.

ನಾನು ಹಾಳೆ ಹಿಡಿದು ಓದತೊಡಗಿದೆ. ಹೇಳುತ್ತೇನೆ ಕೇಳಿ, ಮೊದಲ ನಾಲ್ಕು ಸಾಲನ್ನು ನಾನು ಬಾಯಿಪಾಠದಿಂದ ಹೇಳಲೇ ಇಲ್ಲ. ನಿಜವಾಗಿ ಓದಿದೆ. ಇನ್ನು ನಾಲ್ಕು ನಿಮಿಷಕ್ಕೆ ಹೋಗುವ ಅಕ್ಷರಗಳು, ಒಂದೊಂದನ್ನೂ ಮುಟ್ಟಿ ಮಾತಾಡಿಸಿದ ಹಾಗೆ ಓದಿದೆ. ಐದನೆಯ ಸಾಲಿನ ನಡುವೆ ಮೂಗಿನ ತುದಿಯಲ್ಲಿ ಯಾರೋ ಗರಿಕೆ ಆಡಿಸಿದ ಹಾಗಾಯಿತು.

“ಆಕ್ಷೀ!”

ಒಂದೇ ಒಂದು ಸೀನು. ಪುಟಾಣಿ. ಕವನ ಸಂಕಲನಕ್ಕಿಂತ ಸಣ್ಣದು. ಕಣ್ಣು ಬಿಟ್ಟಾಗ ಹಾಳೆಯ ಮೇಲೆ ಯಾರೋ ಎಳ್ಳು ಚೆಲ್ಲಿದ್ದರು.

“ಯಾವ್ದು?” ಎಂದು ಸಭೆ ಅಭ್ಯಾಸದಂತೆ ಕೂಗಿತು.

ನಾನು ನೇರ ಬಾಯಿಪಾಠಕ್ಕೆ ಹಾರಿಕೊಂಡೆ. ಸಲೀಸಾಗಿ ಓಡುತ್ತಿತ್ತು. ಬದುಕಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಕುರ್ಚಿಗಳ ಕೊನೆಯ ಸಾಲಿನಲ್ಲಿ ಒಂದು ಫೋನು ಟಿಂಗ್ ಎಂದಿತು. ಓಬಕ್ಕ ಎದ್ದು ನಿಂತಳು.

“ಬಂತು! ನನ್ ಪುಸ್ತಕ ಬಂತು! ಷಹತಾಜಮ್ಮ, ಬಂತು ಕಣವ್ವಾ!” ಮರುಗಳಿಗೆಯೇ ಅವಳ ಹುಬ್ಬು ಗಂಟಾಯಿತು. “ಅಲ್ಲಾ, ಇವ್ನು ಈಗ ಹೆಂಗ್ ಸೀನ್ದ? ಇವತ್ತು ನಾನು ನಶ್ಯ ಕೊಟ್ಟೇ ಇಲ್ವಲ್ಲ!”

ಸಭೆ ತಿರುಗಿ ಅವಳನ್ನು ನೋಡಿತು.

“ಏನಕ್ಕ ಹಂಗಂದ್ರೆ?” ಎಂದು ಪೋಸ್ಟ್ ಮಾಸ್ತರರು ಕೇಳಿದರು.

“ದಿನಾ ಐದೂ ಇಪ್ಪತ್ತಕ್ಕೆ ನನ್ ಹತ್ರ ಒಂದ್ ಚಿಟಿಕೆ ನಶ್ಯ ತಗಂತಾನೆ ಸ್ವಾಮಿ, ತಲೆನೋವಿಗೆ ಅಂತ. ಏರಿಸ್ತಾನೆ, ಸೀನ್ತಾನೆ. ಮೂರ್ ವರ್ಷದಿಂದ. ನೀವೆಲ್ಲ ಯಾವ್ದು ಯಾವ್ದು ಅಂತೀರಿ, ನಾನು ನಶ್ಯದ ಹೆಸ್ರು ಕೇಳ್ತಿದೀರಿ ಅನ್ಕಂಡಿದ್ದೆ.”

ಇನ್ನೂರು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ನಾನು ಪೇಟ ಸರಿಪಡಿಸಿಕೊಂಡು, “ಸಭಿಕರೇ, ನಶ್ಯ ಬೇರೆ, ವಿದ್ಯೆ ಬೇರೆ” ಎಂದು ಗಂಭೀರವಾಗಿ ಆರಂಭಿಸಿದೆ. ಅಷ್ಟರಲ್ಲಿ ಓಬಕ್ಕ ನಡೆಯುತ್ತಾ ವೇದಿಕೆಯ ಹತ್ತಿರ ಬಂದೇಬಿಟ್ಟಳು. ಅವಳಿಗೆ ನನ್ನನ್ನು ಸಿಕ್ಕಿಸಬೇಕೆಂಬ ಯೋಚನೆಯೇ ಇರಲಿಲ್ಲ. ಮೂವತ್ತು ವರ್ಷದ ಆಸೆ ಕೈಯಲ್ಲಿ ಮಿನುಗುತ್ತಿತ್ತು, ಅದನ್ನು ಯಾರಿಗಾದರೂ ತೋರಿಸಬೇಕಿತ್ತು, ಅಷ್ಟೇ.

“ಅದೆಲ್ಲ ಆಮ್ಯಾಲೆ. ಇಕಾ, ಅಣ್ಣ, ಮೊದಲ್ನೇ ಪುಟ. ಇದೇನು ಅಕ್ಷರ ಅಂತ ಹೇಳ್ಕೊಡು. ಎಲ್ರೆದುರ್ಗೆ ನಿನ್ ಬಾಯಿಂದ್ಲೇ ಶುರುವಾಗ್ಲಿ” ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು.

ಹಿಡಿದಾಗ ಗೊತ್ತಾಯಿತು, ಮೂರು ವರ್ಷದಿಂದ ಯಾರ ಸರದಿಯನ್ನು ನಾನು ಹಸಿರು ಗುಂಡಿಯಡಿ ಒತ್ತಿಟ್ಟಿದ್ದೆ ಎಂದು. ಅವಳು ಸರದಿಯಲ್ಲಿ ನಿಂತದ್ದು ಈಗ. ಆದರೆ ನನ್ನನ್ನು ಕೇಳಿದ್ದು ಎಂದೋ. ಕೂದಲು ಉದುರುತ್ತದೆ ಎಂದು ಕಳಿಸಿದವನು ನಾನೇ.

ಫೋನಿನಲ್ಲಿ ಒಂದು ದೊಡ್ಡ ಸುರುಳಿ. ನನಗದು ಬಾಣಲೆಗೆ ಬಿಟ್ಟ ಚಕ್ಕುಲಿಯ ಹಾಗೆ ಕಂಡಿತು. ಪಕ್ಕದಲ್ಲಿ ಚಿತ್ರ: ಬೆನ್ನ ಮೇಲೆ ಮೂರು ಗೆರೆ, ಪೊದೆಯಂಥ ಬಾಲ. ಜೀವ ಬಂದಂತಾಯಿತು. ಈ ಪ್ರಾಣಿ ನನಗೆ ಗೊತ್ತಿಲ್ಲವೇ? ನಮ್ಮ ಬೇವಿನ ಮರದ ತುಂಬ ಇವೇ ಅಲ್ಲವೇ? ಮೈಕ್ ಬಾಯಿಗೆ ಹಿಡಿದು, ಎಮ್ಮೆ ಎಬ್ಬಿಸಿದ ದನಿಯಲ್ಲಿ ಸಾರಿದೆ:

“ಇ! ಇ ಅಂದರೆ ಇಣಚಿ!”

ನಮ್ಮೂರಿನಲ್ಲಿ ಆ ಪ್ರಾಣಿಯನ್ನು ಎಲ್ಲರೂ ಇಣಚಿ ಎಂದೇ ಕರೆಯುವುದು. ಅಳಿಲು ಎಂಬುದು ನಮ್ಮಲ್ಲಿ ಪುಸ್ತಕದೊಳಗೆ ಮಾತ್ರ ಬದುಕುವ ಪ್ರಾಣಿ. ನನ್ನ ಪುಸ್ತಕ ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಂದನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಎದ್ದು, “ಅ! ಅ! ಅಳಿಲು!” ಎಂದು ಕಿರುಚಿದವು. ಆಮೇಲೆ ನಕ್ಕವರು ಯಾರು, ನಗದವರು ಯಾರು ಎಂದು ನಾನು ಎಣಿಸಲಿಲ್ಲ. ಪೋಸ್ಟ್ ಮಾಸ್ತರರು ನಗಲಿಲ್ಲ. ಷಹತಾಜ್ ಮೇಡಂ ಕೂಡ ನಗಲಿಲ್ಲ.

ಓಬಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹಿರಿಯರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದ್ದರಲ್ಲ, ಅಷ್ಟೇ ಹೊತ್ತು.

“ಅಣ್ಣ,” ಎಂದಳು ಮೆತ್ತಗೆ, “ನಿಂಗೂ ಬರಲ್ವಾ?”

ಮೈಕ್ ಆನ್ ಇತ್ತು. ಆ ಪ್ರಶ್ನೆ ಊರಿಗೆಲ್ಲ ಕೇಳಿಸಿತು. ಉತ್ತರವೂ ಕೇಳಿಸಿತು.

“ಈಗ ತಾನೇ ಹೋಯ್ತಕ್ಕ.”

ಪೇಟ ತೆಗೆದು ಮೇಜಿನ ಮೇಲಿಟ್ಟೆ. ಶಾಲು ಮಡಚಿದೆ. ಹಣ್ಣಿನ ಬುಟ್ಟಿ ಮಾತ್ರ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ವೇದಿಕೆಯ ಮೆಟ್ಟಿಲು ಇಳಿಯುವಾಗ ಓಬಕ್ಕ ನನ್ನ ಅಂಗಿಯ ತೋಳು ಹಿಡಿದಳು.

“ಎಲ್ಲಿಗ್ ಹೋಗ್ತೀಯ? ಪುಸ್ತಕ ನನ್ ಕಾರ್ಡಿಗೆ ಬಂದೈತೆ, ಕಣ್ಣು ಇಬ್ರಿಗೂ ಐತಲ್ಲ. ನಾಳೆ ಬೆಳಿಗ್ಗೆ ಅಂಗಡಿ ಬೆಂಚಿಗೆ ಬಾ. ನಾನು ಸರದಿ ನಿಂತಿದ್ಕೇ ನಿಂದು ಹೋಗಿದ್ದು ಅಂತ ನಂಗೇನ್ ಗೊತ್ತಿತ್ತು? ನೀನು ಬಾಯ್ ಬಿಟ್ಟಿದ್ರೆ ಜೊತೇಲೇ ಇಟ್ಕಬೋದಿತ್ತು, ಎಡವಟ್ಟೇ!”

ಮೂರು ವರ್ಷ, ಎಪ್ಪತ್ತೆಂಟು ಸಲ ಗುಂಡಿ ಒತ್ತಿದ ನನಗೆ ಈ ಉಪಾಯ ಒಂದು ಸಲವೂ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಯಾರಿಗಾದರೂ ನಿಜ ಹೇಳಬೇಕಿತ್ತು.

ಮರುದಿನ ಹೋದೆ. ಅ ಇಂದ ಶುರು. ಓಬಕ್ಕ ನನಗಿಂತ ಚುರುಕು. ಮೂರನೆಯ ವಾರಕ್ಕೆ ಪೇಪರಿನ ಚೂರುಗಳಲ್ಲಿನ ಒತ್ತಕ್ಷರಕ್ಕೆ ಕೈ ಹಾಕಿದಳು. ನಮ್ಮನ್ನು ನೋಡಿ ಇನ್ನೂ ಎಪ್ಪತ್ತು ಜನ ಬಂದು ಕೂತರು. ಸರಿ, ಏಳು. ಗಾರೆ ಕೆಲಸದ ಕರಿಯಪ್ಪ ಬಂದಾಗ, “ನಾನು ಬೇರೆ ಪುಸ್ತಕದ ಹೆಸ್ರು ಹೇಳ್ಕಂಡು ಸೀನ್ತಿದ್ದೆ, ಮೆಣಸಿನ ಪುಡೀಲಿ” ಎಂದ. ಯಾರೂ ನಗಲಿಲ್ಲ. ಒಂದೇ ಕಾರ್ಡು, ಒಂದೇ ಫೋನು, ಒಂಬತ್ತು ತಲೆ. ಸರದಿಯಲ್ಲಿ ನಿಲ್ಲುವವರೇ ಇಲ್ಲದ್ದರಿಂದ ಹದಿನಾಲ್ಕು ದಿನಕ್ಕೊಮ್ಮೆ ಓಬಕ್ಕ ಹಸಿರು ಗುಂಡಿ ಒತ್ತುತ್ತಾಳೆ. ಆಗ ಎಲ್ಲರೂ ಮೂಗು ಹಿಡಿದುಕೊಂಡು ಕೂತಿರುತ್ತೇವೆ. ಗಿರಾಕಿಗಳಿಗೆ ಮಾತ್ರ ತೊಂದರೆ. ಒಂದು ಚಿಟಿಕೆ ನಶ್ಯ ಕೇಳಿದರೆ ಅವಳು ಪೇಪರಿನ ಚೂರನ್ನು ಪೂರ್ತಿ ಓದಿದ ಮೇಲೆಯೇ ಕಟ್ಟುವುದು. ಅರ್ಧಕ್ಕೆ ಹರಿದ ಸುದ್ದಿಯಾದರೆ ಉಳಿದರ್ಧ ಹುಡುಕುವವರೆಗೂ ಗಿರಾಕಿ ನಿಂತಿರಬೇಕು.

ಈ ಕಥೆಯನ್ನು ಆ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಮೇಲೆ ಅಲ್ಲಲ್ಲಿ “ಸರಿ” ಎಂದು ಬಂದಿದೆಯಲ್ಲ, ಅಲ್ಲೆಲ್ಲ ಓಬಕ್ಕ ನನ್ನ ಹೆಗಲ ಮೇಲಿಂದ ಇಣುಕಿ, ಓದಿ, ಕೆಮ್ಮಿದ್ದಾಳೆ. ಇವತ್ತು ಹದಿನಾಲ್ಕನೆಯ ದಿನ. ಐದೂ ಇಪ್ಪತ್ತೈದು ಆಗಿದೆ. ಅವಳ ಹೆಬ್ಬೆರಳು ಹಸಿರು ಗುಂಡಿಯ ಮೇಲಿದೆ, ಒತ್ತುತ್ತಿಲ್ಲ.

“ಮೊದಲ್ನೇ ಸಾಲು ಹೊಡೆದ್ ಹಾಕು” ಎನ್ನುತ್ತಿದ್ದಾಳೆ.

“ಅಕ್ಕ, ಕಥೆಗೆ ಅದು ಅಲಂಕಾರ.”

“ಹಂಗಾದ್ರೆ ಕೊನೇ ಸಾಲ್ನಾಗಾದ್ರೂ ನಿಜ ಬರಿ. ಬರಿಯೋಗಂಟ ಒತ್ತಲ್ಲ. ಹೋದ್ರೆ ಒಂಬತ್ ಜನರದ್ದೂ ಹೋಗ್ಲಿ.”

ಕರಿಯಪ್ಪ ನನ್ನನ್ನು ಗುರುಗುಟ್ಟಿ ನೋಡುತ್ತಿದ್ದಾನೆ. ಬರೆಯುತ್ತೇನೆ. ಗ್ರಂಥಾಲಯದಲ್ಲಿ ನಲವತ್ತೊಂದು ಸಾವಿರದ ಆರುನೂರ ಹನ್ನೆರಡು ಪುಸ್ತಕಗಳಿವೆ. ಅವುಗಳಲ್ಲಿ ನಾನು ಓದಿರುವುದು ಒಂದು. ಐವತ್ತೆರಡು ಪುಟ. ಎರಡೂ ಕಣ್ಣಿನಿಂದ, ಬೆರಳಿಟ್ಟುಕೊಂಡು, ಮೊದಲ ಸಲಕ್ಕೆ ಐದು ತಿಂಗಳು ಹಿಡಿಯಿತು. ಳ ಬರೆದರೆ ಇವತ್ತಿಗೂ ತಿರುವುಮುರುವಾಗಿ ಬರುತ್ತದೆ. ಎಮ್ಮೆ ಎದ್ದು ನಿಂತದ್ದೂ ನನ್ನ ದನಿಗಲ್ಲ, ನೊಣಕ್ಕೆ.

ಒತ್ತಿದಳು. ಐದೂವರೆ ಆಯಿತು. ಬೆಂಚಿನ ಮೇಲೆ ಯಾರೂ ಸೀನಲಿಲ್ಲ.

ಸರಿ, ಒಬ್ಬ ಸೀನಿದ, ನಾನೇ. ಅಭ್ಯಾಸಬಲ. ಆದರೆ ನೋಡಿ, ಸೀನಿದ ಮೇಲೂ ಈ ಸಾಲು ಬರೆದಿದ್ದೇನೆ.